ಹೂ ಬೇಕಾ? ಮೊದಲು ಹುಲ್ಲು ಹೊರಗೆ ಸಾಗಿಸಿ

ಇಂಗ್ಲೆಂಡಿನ ಹಳ್ಳಿಗಳ ರೀಲ್ಸ್ ನೀವೂ ನೋಡಿರ್ತೀರಿ. ಹಳೇ ಚರ್ಚ್ ಪಕ್ಕ ಒಂದು ಬಯಲು, ಮೊಣಕಾಲುದ್ದ ಹುಲ್ಲು, ಅದರ ನಡುವೆ ಬಿಳಿ, ಹಳದಿ, ನೇರಳೆ ಕಾಡುಹೂಗಳು. ನೋಡಿದ ತಕ್ಷಣ ತಲೆಗೆ ಬರೋ ಪ್ರಶ್ನೆ, ಈ ಬೀಜ ಎಲ್ಲಿ ಸಿಗುತ್ತೆ ಅಂತ. ಆದ್ರೆ ಊರವರೇ ಸೇರಿ ಮಾಡೋ ಇಂಥ ಹೂಬಯಲಲ್ಲಿ ಬೀಜ ಚೆಲ್ಲೋದು ಒಂದು ದಿನದ ಕೆಲಸ. ವರ್ಷವರ್ಷವೂ ಬೆನ್ನು ಬಗ್ಗಿಸಬೇಕಾಗಿರೋದು ಹುಲ್ಲು ಕೊಯ್ದು ಹೊರಗೆ ಸಾಗಿಸೋಕೆ.

ಈ ಬಯಲುಗಳು ಅಲ್ಲಿ ಚಂದಕ್ಕೆ ಅಂತ ಹುಟ್ಟಿದ್ದಲ್ಲ. ಚಳಿಗಾಲದಲ್ಲಿ ದನ, ಕುರಿಗೆ ಒಣಹುಲ್ಲು ಬೇಕಿತ್ತು. ಅದಕ್ಕೆ ಕೆಲವು ಬಯಲುಗಳನ್ನು ವಸಂತದಿಂದ ಮೇಯಿಸದೆ ಬಿಟ್ಟು, ಬೇಸಿಗೆ ನಡುವೆ ಕೊಯ್ದು ಮೆದೆ ಒಟ್ತಿದ್ರು. ಅಷ್ಟರಲ್ಲಿ ಹೂಗಿಡಗಳು ಬೀಜ ಉದುರಿಸಿ ಮುಗಿಸಿರ್ತಿದ್ವು. ಆಮೇಲೆ ಎರಡನೇ ಮಹಾಯುದ್ಧ ಬಂತು, ಆಹಾರ ಬೆಳೆಯೋಕೆ ಬಯಲುಗಳನ್ನ ಉತ್ತರು. ನಂತರ ರಾಸಾಯನಿಕ ಗೊಬ್ಬರ, ಒಣಹುಲ್ಲಿನ ಬದಲು ಸೈಲೇಜ್. 1930ರ ದಶಕದಿಂದ 1984ರ ಒಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಬಯಲುಗಳ ಶೇ. 97 ಭಾಗ ಹೋಯ್ತು. ನೂರು ಎಕರೆಯಲ್ಲಿ ಮೂರು ಉಳೀತು ಅಂದ್ಕೊಳ್ಳಿ. ಅವನ್ನೇ ನಂಬಿದ್ದ ದುಂಬಿ, ಚಿಟ್ಟೆಗಳ ಪಾಡು ಬೇರೆ ಹೇಳ್ಬೇಕಾ?

ಗೊಬ್ಬರ ಹಾಕಿದ್ರೆ ಹೂವು ಯಾಕೆ ಹೋಗುತ್ತೆ? ಕಾಮರ್ಸ್ ಓದಿರೋ ನನಗೆ ಇದು ಬ್ಯಾಂಕ್ ಖಾತೆ ಥರ ಕಾಣುತ್ತೆ. ಮಣ್ಣಲ್ಲಿರೋ ಸಾರಜನಕ, ರಂಜಕ ಇದರ ಬ್ಯಾಲೆನ್ಸ್. ಬ್ಯಾಲೆನ್ಸ್ ಜಾಸ್ತಿ ಇದ್ರೆ ಒರಟು ಹುಲ್ಲುಗಳು ಎತ್ತರಕ್ಕೆ ಬೆಳೆದು ಬೆಳಕನ್ನೆಲ್ಲ ನುಂಗುತ್ತವೆ, ಸಣ್ಣ ಹೂಗಿಡ ಕೆಳಗೆ ಸೊರಗುತ್ತೆ. ಕೊಯ್ದ ಹುಲ್ಲನ್ನ ಅಲ್ಲೇ ಬಿಟ್ರೆ ಕೊಳೆತು ಮತ್ತೆ ಅದೇ ಖಾತೆಗೆ ಜಮಾ. ಹೊರಗೆ ಒಯ್ದರೆ ವಿತ್‌ಡ್ರಾವಲ್. ಹೂಬಯಲಿಗೆ ಬೇಕಾಗಿರೋದು ಬಡವಾದ ಖಾತೆ. ಅದಕ್ಕೇ ನಾಯಿ ವಾಕಿಂಗಿಗೆ ಬರೋರಿಗೆ ಅಲ್ಲಿ ‘ಹೇಸಿಗೆ ಎತ್ಕೊಂಡು ಹೋಗಿ’ ಅಂತ ಬೇಡ್ಕೊಳ್ತಾರೆ. ಅದೂ ಗೊಬ್ಬರಾನೇ ಅಲ್ವಾ!

ಹುಲ್ಲಿನ ಸೊಕ್ಕು ಇಳಿಸೋಕೆ ಒಂದು ಗಿಡವೂ ಇದೆ, ಯೆಲ್ಲೋ ರ‍್ಯಾಟಲ್. ನಮ್ಮ ಮಾವಿನ ಮರದ ಬಂದಳಿಕೆ ಥರ ಇದು ಅರ್ಧ ಪರಾವಲಂಬಿ. ತನ್ನ ಎಲೆಯಲ್ಲಿ ಆಹಾರ ಮಾಡ್ಕೊಳ್ಳುತ್ತೆ, ಜೊತೆಗೆ ಹುಲ್ಲಿನ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಲವಣ ಹೀರುತ್ತೆ. ಹುಲ್ಲು ಬಡಕಲಾದಾಗ ಬೇರೆ ಹೂಗಳಿಗೆ ಜಾಗ ಸಿಗುತ್ತೆ. ಒಂದೇ ವರ್ಷದ ಗಿಡ, ಬೀಜಕ್ಕೆ ಚಳಿಗಾಲದ ತಣ್ಣಗಿನ ತಿಂಗಳುಗಳು ತಾಗದೇ ಇದ್ರೆ ಮೊಳಕೆ ಇಲ್ಲ. ಹಾಗಾಗಿ ಚಳಿಗಾಲಕ್ಕೆ ಮುಂಚೆಯೇ ಬಿತ್ತಬೇಕು.

ಬಿತ್ತನೆ ಸುಲಭ. ಹುಲ್ಲನ್ನ ಬುಡಕ್ಕೆ ಕೊಯ್ದು, ಅರ್ಧದಷ್ಟು ಮಣ್ಣು ಕಾಣೋ ಹಾಗೆ ಕೆರೆದು, ಹುಲ್ಲು ಮತ್ತು ಹೂವಿನ ಬೀಜದ ಮಿಶ್ರಣವನ್ನು ಚದರ ಮೀಟರ್‌ಗೆ 4-5 ಗ್ರಾಂನಷ್ಟು ಮರಳಲ್ಲಿ ಬೆರೆಸಿ ಚೆಲ್ಲಿ, ತುಳಿದುಬಿಡೋದು. ಮಣ್ಣು ಮುಚ್ಚೋ ಹಾಗಿಲ್ಲ. ಇನ್ನೂ ಒಳ್ಳೇದು, ಹತ್ತಿರದ ಹಳೇ ಬಯಲಿಂದ ಬೀಜ ತುಂಬಿದ ಹಸಿಹುಲ್ಲು ತಂದು ಹರಡೋದು. 2013ರಲ್ಲಿ ಶುರುವಾದ ‘ಕೊರೊನೇಷನ್ ಮೆಡೋಸ್’ ಯೋಜನೆ ಹೊಸ ಬಯಲುಗಳಿಗೆ ಬೀಜ ಮುಟ್ಟಿಸಿದ್ದು ಹೀಗೇ. ಆ ಮಣ್ಣಿಗೆ ಒಗ್ಗಿದ ಬೀಜ ಪಕ್ಕದೂರಿಂದಾನೇ ಸಿಗುತ್ತೆ.

ಮೊದಲ ವರ್ಷ ಬರೀ ಎಲೆ. ಊರವರು ಮುಖ ಸಿಂಡರಿಸೋದು ಇಲ್ಲೇ. ಕೆಂಪು ಪಾಪ್ಪಿ ಪ್ಯಾಕೆಟ್ ಹಾಕಿದ್ರೆ ಮೊದಲ ಬೇಸಿಗೆಯಲ್ಲೇ ಫೋಟೋ ಸಿಗುತ್ತೆ ನಿಜ, ಆದ್ರೆ ಪಾಪ್ಪಿಗೆ ಪ್ರತಿವರ್ಷ ಉತ್ತ ಮಣ್ಣು ಬೇಕು. ಬಯಲಲ್ಲಿ ಅದು ಎರಡು ವರ್ಷಕ್ಕೆ ನಾಪತ್ತೆ. ಇನ್ನು ‘ಪಂಚಾಯ್ತಿಯವರು ಹುಲ್ಲು ಕೊಯ್ಸದೆ ಹಾಳು ಬಿಟ್ಟಿದ್ದಾರೆ’ ಅನ್ನೋ ದೂರು. ಅದಕ್ಕೆ ಅಗ್ಗದ ಉಪಾಯ ಇದೆ: ಅಂಚು ಮತ್ತು ಕಾಲುದಾರಿಯನ್ನ ನೀಟಾಗಿ ಕತ್ತರಿಸಿ ಇಡೋದು. ಬೇಕಂತಲೇ ಬಿಟ್ಟಿದ್ದು ಅಂತ ನೋಡಿದವರಿಗೆ ಗೊತ್ತಾಗುತ್ತೆ.

ಜುಲೈ ಕೊನೆ, ಆಗಸ್ಟ್‌ನಲ್ಲಿ ಕೊಯ್ಲು. ಬೀಜ ಉದುರಲಿ ಅಂತ ಕೆಲವು ದಿನ ಬಿಟ್ಟು, ಆಮೇಲೆ ಬಾಚಿ ಸಾಗಿಸ್ಬೇಕು. ಉದ್ಘಾಟನೆಗೆ ಐವತ್ತು ಜನ ಬರಬಹುದು, ಐದನೇ ವರ್ಷ ಬಿಸಿಲಲ್ಲಿ ಹುಲ್ಲು ಬಾಚೋಕೆ ಯಾರು? ಇದನ್ನ ಬೀಜ ಕೊಳ್ಳೋ ಮುಂಚೆಯೇ ಬರೆದಿಟ್ಕೊಳ್ಳೋ ಊರಲ್ಲಿ ಬಯಲು ಉಳಿಯುತ್ತೆ ಅನ್ನೋದು ನನ್ನ ಅಂದಾಜು. ಹುಲ್ಲನ್ನ ಮೇವಿಗೆ ಕೊಡೋದಾದ್ರೆ ರ‍್ಯಾಗ್‌ವರ್ಟ್ ಅನ್ನೋ ಹಳದಿ ಹೂವಿನ ಗಿಡವನ್ನ ಮೊದಲೇ ಕಿತ್ತು ಹಾಕಬೇಕು. ಕುದುರೆ, ದನಗಳಿಗೆ ಅದು ವಿಷ. ಹಸಿಯಾಗಿದ್ರೆ ಮೂಸಿ ಬಿಡ್ತವೆ, ಒಣಗಿದ್ರೆ ಗೊತ್ತಾಗದೆ ತಿಂತವೆ.

ನಮ್ಮೂರಲ್ಲಿ ಮಾಡಬಹುದಾ ಅಂತ ಕೇಳ್ತೀರಿ. ದಯವಿಟ್ಟು ಆ ಬೀಜ ಆನ್‌ಲೈನ್‌ನಲ್ಲಿ ತರಿಸ್ಬೇಡಿ. ನಮ್ಮ ಗೋಮಾಳ, ಕಾವಲುಗಳಲ್ಲಿ ತುಂಬೆ, ವಿಷ್ಣುಕ್ರಾಂತಿ ತಾವಾಗೇ ಬರ್ತವೆ. ಖಾಲಿ ಬಿದ್ದಿದೆ ಅಂತ ಅಲ್ಲಿ ಸಾಲಾಗಿ ಸಸಿ ನೆಟ್ರೆ ನೆರಳಿಗೆ ಇವು ಹೋಗ್ತವೆ. ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ, ಫೋನ್ ಜೇಬಲ್ಲಿಟ್ಟು, ಕುರಿ ಮೇಯಿಸೋ ಅಜ್ಜನ ಜೊತೆ ಗೋಮಾಳ ಒಂದು ಸುತ್ತು ಹಾಕಿ. ಯಾವ ಹೂವು ಯಾವ ತಿಂಗಳು, ಕುರಿ ಯಾವುದನ್ನ ಮುಟ್ಟಲ್ಲ, ಎಲ್ಲಾ ಕೇಳಿ ಬರ್ಕೊಳ್ಳಿ.