ಮರುಭೂಮಿಗೆ ಹೊರಡುವ ಮುನ್ನ ಒಂದಿಷ್ಟು ಲೆಕ್ಕ

‘ಅಪ್ಪಾ, ಎರೆಭೂತ ನೋಡಬೇಕಂದ್ರ ಎಲ್ಲಿಗೆ ಹೋಗಬೇಕು?’

ಪಿಯುಸಿ ಮೊದಲ ವರ್ಷ ಓದುತ್ತಿದ್ದ ಮಗಳು ಹೀಗೆ ಕೇಳಿದಾಗ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನನ್ನವ್ವ ತಲೆ ಎತ್ತದೆ, ‘ಎಲ್ಲಿಗ್ಯಾಕ ಹೋಗಬೇಕು? ನಿಮ್ಮಜ್ಜ ಎರಿ ಹೊಲದಾಗ ನೋಡತಿದ್ರು’ ಎಂದಳು.

ನಮ್ಮದು ಹಾವೇರಿ ಸೀಮೆ. ಹಿಂದೆ ರಾಣೆಬೆನ್ನೂರಿನ ಸುತ್ತಿನ ಹುಲ್ಲುಗಾವಲಿನಲ್ಲಿ ಈ ದೊಡ್ಡ ಹಕ್ಕಿ ಇತ್ತು. ಹುಲ್ಲಿನ ನೆಲವೆಲ್ಲ ನೀಲಗಿರಿ ತೋಪೂ ಉತ್ತ ಹೊಲವೂ ಆದ ಮೇಲೆ ಅದು ನಮ್ಮ ಕಡೆ ಕಾಣುವುದು ನಿಂತಿತು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಕಂಡ ವರದಿಗಳಿವೆ. ಇಡೀ ದೇಶದಲ್ಲಿ ಉಳಿದಿರುವುದೇ ನೂರೈವತ್ತಕ್ಕಿಂತ ಕಡಿಮೆ ಎಂಬುದು ತಜ್ಞರ ಅಂದಾಜು. ಅವುಗಳಲ್ಲಿ ಬಹುಪಾಲು ಇರುವುದು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ. ಹಾಗಾಗಿ ಮಗಳ ಪ್ರಶ್ನೆಗೆ ಉತ್ತರ ಒಂದೇ: ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನ.

2023ರ ದಸರಾ ರಜೆಯಲ್ಲಿ ನಾವು ಐವರು, ಅಂದರೆ ನಾನು, ನನ್ನ ಹೆಂಡತಿ, ಮಗಳು, ಎಂಟನೇ ತರಗತಿಯ ಮಗ ಮತ್ತು ಎಪ್ಪತ್ತೆಂಟು ವರ್ಷದ ಅವ್ವ, ಹೊರಟೇಬಿಟ್ಟೆವು. ಆ ಪ್ರವಾಸದ ಯೋಜನೆಯಲ್ಲಿ ನಾನು ಮಾಡಿದ ಲೆಕ್ಕಗಳು ಕೆಲವು ಸರಿಯಾದವು, ಕೆಲವು ತಪ್ಪಿದವು. ಎರಡೂ ನಿಮಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಉದ್ಯಾನ ಎಂದರೆ ಹೂದೋಟವಲ್ಲ

ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹಬ್ಬಿರುವ ಈ ಉದ್ಯಾನದ ವಿಸ್ತೀರ್ಣ 3162 ಚದರ ಕಿಲೋಮೀಟರ್. 1980ರಲ್ಲಿ ಇದನ್ನು ಘೋಷಿಸಲಾಯಿತು. ಹೆಸರಿನಲ್ಲಿ ರಾಷ್ಟ್ರೀಯ ಉದ್ಯಾನ ಎಂದಿದ್ದರೂ ಕಾನೂನಿನ ಪ್ರಕಾರ ಇದು ವನ್ಯಜೀವಿ ಅಭಯಾರಣ್ಯ. ಒಳಗೆ ಹಳ್ಳಿಗಳಿವೆ, ಕುರಿ ಮೇಕೆ ಮೇಯಿಸುವವರಿದ್ದಾರೆ.

ಮರುಭೂಮಿ ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಸಿನಿಮಾದ ಮರಳುದಿಬ್ಬ. ಇಲ್ಲಿ ದಿಬ್ಬಗಳು ಆಕ್ರಮಿಸಿರುವುದು ಸ್ವಲ್ಪ ಭಾಗವನ್ನು ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿ ಮರಳಿನ ಬಯಲು, ಸೇವಣ ಎಂಬ ಹುಲ್ಲಿನ ಹರವು. ಎರೆಭೂತಕ್ಕೆ ಬೇಕಾದದ್ದು ಆ ಹುಲ್ಲೇ. ಚಿಂಕಾರ, ಮರುಭೂಮಿಯ ನರಿ, ಮುಳ್ಳುಬಾಲದ ಹಲ್ಲಿ, ಹದ್ದುಗಳು ಇಲ್ಲಿನ ಇತರ ನಿವಾಸಿಗಳು.

ಯಾವಾಗ ಹೋಗಬೇಕು?

ನಮ್ಮ ಶಾಲೆಗಳಿಗೆ ದೀರ್ಘ ರಜೆ ಸಿಗುವುದು ಬೇಸಿಗೆಯಲ್ಲಿ. ಆದರೆ ಏಪ್ರಿಲ್‌–ಮೇ ತಿಂಗಳಲ್ಲಿ ಮಕ್ಕಳನ್ನೂ ಮುದುಕರನ್ನೂ ಥಾರಿಗೆ ಕರೆದೊಯ್ಯುವ ಯೋಚನೆಯನ್ನೇ ಮಾಡಬೇಡಿ. ಜೈಸಲ್ಮೇರಿನ ದಾರಿಯಲ್ಲಿ ಸಿಗುವ ಫಲೋದಿ ಎಂಬ ಊರಿನಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಸರಿಯಾದ ಕಾಲ. ನಾವು ಹೋದಾಗ ಹಗಲು 35–36 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 20ರ ಆಸುಪಾಸಿಗೆ ಇಳಿಯುತ್ತಿತ್ತು. ಒಣಗಾಳಿಯಲ್ಲಿ ನೀರಾವಿ ಕಡಿಮೆ, ಆಕಾಶದಲ್ಲಿ ಮೋಡವಿಲ್ಲ. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದ ಸ್ವೆಟರ್ ಒಯ್ಯಿರಿ. ಡಿಸೆಂಬರ್‌–ಜನವರಿಯಾದರೆ ಕಂಬಳಿಯೂ ಬೇಕು.

ಗಡಿಯಾರದ ಲೆಕ್ಕವೂ ಒಂದಿದೆ. ಹಾವೇರಿಗೂ ಜೈಸಲ್ಮೇರಿಗೂ ರೇಖಾಂಶದಲ್ಲಿ ಸುಮಾರು ನಾಲ್ಕೂವರೆ ಡಿಗ್ರಿ ಅಂತರ. ಡಿಗ್ರಿಗೆ 4 ನಿಮಿಷದಂತೆ 18 ನಿಮಿಷ. ಉತ್ತರಕ್ಕೆ ಹೋದಂತೆ ಚಳಿಗಾಲದ ಹಗಲು ಗಿಡ್ಡವಾಗುವುದರಿಂದ ಇನ್ನಷ್ಟು ನಿಮಿಷ ಸೇರುತ್ತವೆ. ನಮ್ಮೂರಲ್ಲಿ ಆರೂಕಾಲು ದಾಟುವಷ್ಟರಲ್ಲಿ ಮೂಡುವ ಸೂರ್ಯ ಅಲ್ಲಿ ಏಳರ ಸಮೀಪಕ್ಕೆ ಮೂಡಿದ. ಐದೂವರೆಗೇ ಎದ್ದು ಎಲ್ಲರನ್ನೂ ಎಬ್ಬಿಸಿದ ನನ್ನನ್ನು ಹೆಂಡತಿ, ‘ರೀ, ಇನ್ನೂ ನಡುರಾತ್ರಿ ಆಗೇದ, ನಿಮ್ಮ ಸೂರ್ಯ ಎಲ್ಲಿ?’ ಎಂದು ಕೇಳಿದಳು. ಭೂಗೋಳವನ್ನು ಅಲ್ಲೇ, ಚಹಾದ ಜೊತೆ ಪಾಠ ಮಾಡಬೇಕಾಯಿತು.

ದಾರಿಯೇ ಪಾಠಶಾಲೆ

ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಜೋಧಪುರದಲ್ಲಿ ಇಳಿದು, ಅಲ್ಲಿಂದ ಚಾಲಕನ ಸಮೇತ ಏಳು ಸೀಟಿನ ಗಾಡಿಯನ್ನು ಬಾಡಿಗೆಗೆ ಪಡೆದೆವು. ಊರಿನಿಂದಲೇ ಗಾಡಿ ಓಡಿಸಿಕೊಂಡು ಹೋಗುವ ಹುಮ್ಮಸ್ಸು ಮಗನಿಗಿತ್ತು. ಅವ್ವನ ಸೊಂಟಕ್ಕೆ ಅದು ಆಗುವ ಮಾತಲ್ಲ.

ಜೋಧಪುರದ ಹತ್ತಿರವೇ ಖೇಜಡ್ಲಿ ಎಂಬ ಹಳ್ಳಿಯಿದೆ. 1730ರಲ್ಲಿ ಅರಸನ ಆಳುಗಳು ಮರ ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನಪ್ಪಿ ಪ್ರಾಣ ಕೊಟ್ಟಳು. ಅವಳ ಹಿಂದೆ ಒಟ್ಟು 363 ಜನ ಬಲಿಯಾದರು. ಆ ಮರ ಖೇಜಡಿ. ನಮ್ಮವ್ವ ಅದರ ಎಲೆ ನೋಡಿದ್ದೇ, ‘ಇದು ನಮ್ಮ ಬನ್ನಿ ಅಲ್ಲೇನ?’ ಎಂದಳು. ಹೌದು, ಎರಡೂ ಒಂದೇ. ರಾಜಸ್ಥಾನದ ರಾಜ್ಯವೃಕ್ಷವಾದ ಖೇಜಡಿಯೇ ನಾವು ವಿಜಯದಶಮಿಯಂದು ಪೂಜಿಸಿ, ‘ಬಂಗಾರ’ ಎಂದು ಎಲೆ ಹಂಚುವ ಬನ್ನಿ. ಬಹು ಆಳಕ್ಕೆ ಬೇರಿಳಿಸಿ ನೀರು ಹುಡುಕುವ ಈ ಮರ ಮರುಭೂಮಿಯವರಿಗೆ ನೆರಳು, ಮೇವು, ಪಲ್ಯ ಎಲ್ಲವೂ ಹೌದು. ಮಾರನೆಯ ದಿನ, ಅಕ್ಟೋಬರ್ 24ರ ವಿಜಯದಶಮಿಯಂದು, ದಾರಿಬದಿಯ ಖೇಜಡಿಯ ಕೆಳಗೆ ಗಾಡಿ ನಿಲ್ಲಿಸಿ, ಉದುರಿದ ಎಲೆ ಹೆಕ್ಕಿ ಅವ್ವನ ಕಾಲಿಗೆರಗಿದೆವು.

ಫಲೋದಿಯ ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಡೆಮೋಯ್ಸೆಲ್ ಕೊಕ್ಕರೆಗಳು ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಊರವರು ಅವಕ್ಕೆ ಕಾಳು ಹಾಕುತ್ತಾರೆ. ಮುಂದೆ ಪೋಖರಣ್. 1974 ಮತ್ತು 1998ರ ಅಣುಪರೀಕ್ಷೆಗಳ ಕತೆ ಹೇಳಲು ಬೇರೆ ಜಾಗ ಬೇಕಿಲ್ಲ. ಜೈಸಲ್ಮೇರಿನಿಂದ 17 ಕಿಲೋಮೀಟರ್ ದೂರದ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಒಂದು ಕಾಂಡ ಸುಮಾರು 13 ಮೀಟರ್ ಉದ್ದ. ಇಂದಿನ ಮರುಭೂಮಿ ಅಂದು ಕಾಡಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಒಂದು ಚೂರನ್ನೂ ಜೇಬಿಗೆ ಹಾಕಿಕೊಳ್ಳದಂತೆ ಮಕ್ಕಳಿಗೆ ಮೊದಲೇ ಹೇಳಿರಿ.

ಸಮ್ ಎಂಬಲ್ಲಿನ ಮರಳುದಿಬ್ಬದಲ್ಲಿ ಮಗ ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ ಇಳಿಜಾರು ಅಳೆದ. ಗಾಳಿ ಬೀಸುವ ಬದಿ ಇಳಿಜಾರು ಕಡಿಮೆ, ಮರೆಯ ಬದಿ ಮೂವತ್ತು ಡಿಗ್ರಿಗಿಂತ ತುಸು ಹೆಚ್ಚು. ನಮ್ಮ ಕಣದಲ್ಲಿ ಜೋಳದ ರಾಶಿಯೂ ಒಂದು ಮಿತಿಗಿಂತ ಕಡಿದಾಗದೆ ಜಾರುತ್ತದಲ್ಲ, ಇದೂ ಅದೇ ನಿಯಮ.

ನೀರಿನ ಲೆಕ್ಕ ತಪ್ಪಿದ್ದು

ಇನ್ನು ನನ್ನ ತಪ್ಪುಗಳು. ಮರುಭೂಮಿಯಲ್ಲಿ ಬೆವರು ಚರ್ಮದ ಮೇಲೆ ಕಾಣುವ ಮೊದಲೇ ಆವಿಯಾಗುತ್ತದೆ. ಆದ್ದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂಬುದು ನಮಗೆ ತಿಳಿಯುವುದೇ ಇಲ್ಲ. ಬಿಸಿಲಲ್ಲಿ ದುಡಿಯುವವನು ಗಂಟೆಗೆ ಒಂದು ಲೀಟರಿನಷ್ಟು ಬೆವರಬಹುದು. ಹಾಗಾಗಿ ತಲೆಗೆ ದಿನಕ್ಕೆ ಐದು ಲೀಟರ್ ಎಂದು ಇಟ್ಟುಕೊಂಡೆ. ಐದು ಜನಕ್ಕೆ 25 ಲೀಟರ್. ಲೆಕ್ಕ ಸರಿ. ಆದರೆ ಚಾಲಕನನ್ನು ನಾನು ಎಣಿಸಿಯೇ ಇರಲಿಲ್ಲ! ಕೈತೊಳೆಯುವ ನೀರನ್ನೂ ಬೇರೆ ಇಟ್ಟಿರಲಿಲ್ಲ.

ಎರಡನೆಯ ತಪ್ಪು: ಉದ್ಯಾನ ಪ್ರವೇಶಕ್ಕೆ ಜೈಸಲ್ಮೇರಿನ ಅರಣ್ಯ ಇಲಾಖೆಯ ಅನುಮತಿ ಬೇಕು. ವಿಜಯದಶಮಿಯಂದು ಸರ್ಕಾರಿ ರಜೆ ಎಂಬುದನ್ನು ಮೇಷ್ಟರಾದ ನಾನೇ ಮರೆತಿದ್ದೆ. ಮರುದಿನ ಅನುಮತಿ ಪಡೆದು ಸುದಾಸರಿಯ ಕಡೆಗೆ ಹೊರಟಾಗ ಗಂಟೆ ಹನ್ನೆರಡು. ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಕಳೆದ ಸಮಯ ಉಳಿಸಲೆಂದು, ಬೇಡವೆಂದ ಚಾಲಕನನ್ನು ಒತ್ತಾಯಿಸಿ, ಡಾಂಬರು ಬಿಟ್ಟು ಒಂದು ಅಡ್ಡದಾರಿಗೆ ಗಾಡಿ ತಿರುಗಿಸಿದೆ.

ಎರಡು ಕಿಲೋಮೀಟರ್ ಹೋಗಿರಬಹುದು. ಹಿಂದಿನ ಚಕ್ರಗಳು ಮರಳಿನಲ್ಲಿ ಹೂತವು. ನಾನು ವೇಗ ಹೆಚ್ಚಿಸು ಎಂದೆ. ಚಕ್ರ ಇನ್ನೂ ಆಳಕ್ಕಿಳಿಯಿತು. ಫೋನಿನಲ್ಲಿ ಸಿಗ್ನಲ್ ಇಲ್ಲ. ಮಧ್ಯಾಹ್ನ ಒಂದೂವರೆ. ಡಬ್ಬಿ ಅಲುಗಾಡಿಸಿ ನೋಡಿದ ಮಗಳು ಮೆಲ್ಲಗೆ, ‘ಅಪ್ಪಾ, ನಾಕ್ ಲೀಟರ್ ಅಷ್ಟ ಉಳದೈತಿ’ ಎಂದಳು. ಅವ್ವ ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಮಾತ್ರೆ ಮೂತ್ರ ಹೆಚ್ಚಿಸುವಂಥದು. ಅಂಥವರಿಗೆ ದೇಹದ ನೀರು ಬೇಗ ಕಡಿಮೆಯಾಗುತ್ತದೆ. ಹೊರಡುವ ಮೊದಲು ಆ ವಿಷಯವನ್ನು ವೈದ್ಯರ ಬಳಿ ಕೇಳಬೇಕೆಂದು ಪಟ್ಟಿಯಲ್ಲಿ ಬರೆದಿದ್ದೆ, ಕೇಳಿರಲಿಲ್ಲ. ಅವ್ವ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಆ ಮುಕ್ಕಾಲು ಗಂಟೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಒಂಟೆಯ ಕಾಲು ಕಲಿಸಿದ ಪಾಠ

ಆಗ ಕುರಿಹಿಂಡಿನೊಂದಿಗೆ ಒಬ್ಬ ಮುದುಕ ಬಂದ. ಮೊದಲು ತನ್ನ ನೀರಿನ ಪಾತ್ರೆಯನ್ನು ಅವ್ವನ ಕೈಗೆ ಕೊಟ್ಟ. ಅದಕ್ಕೆ ಒದ್ದೆ ಉಣ್ಣೆಬಟ್ಟೆ ಸುತ್ತಿತ್ತು. ಬಟ್ಟೆಯ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿ, ಆ ಬಿಸಿಲಿನಲ್ಲೂ ನೀರು ತಂಪಾಗಿತ್ತು. ಆಮೇಲೆ ಚಕ್ರ ನೋಡಿ ನಕ್ಕು, ಚಾಲಕನಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದ. ಒಂಟೆಯ ಕಾಲು ಹೇಗಿರುತ್ತದೆ ನೋಡಿಲ್ಲವೇ, ಗಾಳಿ ಬಿಡಿ ಎಂಬುದು ಅದರ ಅರ್ಥ.

ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಒಂಟೆಯ ಅಗಲ ಪಾದದ ಉದಾಹರಣೆಯನ್ನೂ ಕೊಡುತ್ತಿದ್ದೆ. ಟೈರಿನ ಗಾಳಿಯನ್ನು ಅರ್ಧದಷ್ಟಕ್ಕೆ ಇಳಿಸಿದರೆ ಅದು ಚಪ್ಪಟೆಯಾಗಿ, ನೆಲ ಮುಟ್ಟುವ ಭಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ; ಮರಳಿನ ಮೇಲಿನ ಒತ್ತಡ ಅರ್ಧವಾಗುತ್ತದೆ. ಇಷ್ಟು ಸರಳ ವಿಷಯ ಪರೀಕ್ಷೆಯ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ. ಕೈಯಿಂದ ಚಕ್ರದ ಮುಂದಿನ ಮರಳು ತೋಡಿದೆವು, ಒಣಗಿದ ಪೊದೆಯ ಕಡ್ಡಿ ಹಾಸಿದೆವು, ಗಾಳಿ ಇಳಿಸಿದೆವು. ಅವ್ವನನ್ನು ಬಿಟ್ಟು ಉಳಿದವರೆಲ್ಲ ಇಳಿದು ತಳ್ಳಿದೆವು. ಗಾಡಿ ಮೇಲೆ ಬಂತು. ಚಾಲಕನ ಬಳಿ ಪಂಪು ಇದ್ದುದರಿಂದ ಡಾಂಬರು ಮುಟ್ಟಿದ ಮೇಲೆ ಮತ್ತೆ ಗಾಳಿ ತುಂಬಿದೆವು. ಗಾಳಿ ಕಡಿಮೆಯಿರುವ ಟೈರಿನಲ್ಲಿ ವೇಗವಾಗಿ ಓಡಿಸುವುದು ಅಪಾಯ. ಮುದುಕ ದುಡ್ಡು ಮುಟ್ಟಲಿಲ್ಲ. ಅವ್ವ ಕೊಟ್ಟ ಚಕ್ಕುಲಿಯನ್ನು ಮಾತ್ರ ರುಮಾಲಿನ ತುದಿಗೆ ಕಟ್ಟಿಕೊಂಡ.

ಹುಲ್ಲಿನಲ್ಲಿ ಕಂಡದ್ದು

ಮಾರನೆಯ ಬೆಳಿಗ್ಗೆ, ಚಾಲಕ ಹೇಳಿದ ದಾರಿಯಲ್ಲೇ, ಮತ್ತೆ ಹೋದೆವು. ಬಹಳ ಹೊತ್ತು ಏನೂ ಕಾಣಲಿಲ್ಲ. ಕೊನೆಗೆ ದೂರದ ಹುಲ್ಲಿನಲ್ಲಿ ಎರಡು ಕತ್ತುಗಳು ಎದ್ದವು. ಮೀಟರ್ ಎತ್ತರದ, ಕರಿ ಟೊಪ್ಪಿಗೆಯ ಹಕ್ಕಿಗಳು. ಗಂಡು ಹದಿನೈದು ಕಿಲೋ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ದುರ್ಬೀನು ಅವ್ವನ ಕೈಗೆ ಹೋಯಿತು. ಆಕೆ ಬಹಳ ಹೊತ್ತು ನೋಡಿ, ‘ಇದಽ ನೋಡ, ನಿಮ್ಮಪ್ಪ ಹೇಳತಿದ್ದ ಹಕ್ಕಿ’ ಎಂದು ನನ್ನ ಕೈಗೆ ಕೊಟ್ಟಳು.

ಹಿಂತಿರುಗುವಾಗ ಮಗಳು ಆಕಾಶದಲ್ಲಿದ್ದ ವಿದ್ಯುತ್ ತಂತಿಗಳನ್ನು ತೋರಿಸಿದಳು. ಈ ಹಕ್ಕಿಗೆ ನೇರ ಮುಂದಿನ ನೋಟ ಕಡಿಮೆ. ಮೈಭಾರದಿಂದ ಥಟ್ಟನೆ ಪಕ್ಕಕ್ಕೆ ಹೊರಳಲಾರದು. ತಂತಿಗೆ ಬಡಿದು ಸಾಯುತ್ತದೆ. ಒಂದು ಬಾರಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿಗೆ ಒಂದೊಂದು ಸಾವೂ ದೊಡ್ಡ ನಷ್ಟ. ಇದರ ನೆಲೆಗಳಲ್ಲಿ ತಂತಿಗಳನ್ನು ಭೂಮಿಯೊಳಗೆ ಹಾಯಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿತ್ತು. ಸೌರವಿದ್ಯುತ್ತಿನ ಅಗತ್ಯವನ್ನೂ ಗಮನಿಸಿ 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ವಹಿಸಿತು. ಸಮ್ ಬಳಿ 2019ರಲ್ಲಿ ಆರಂಭವಾದ ಸಾಕುಕೇಂದ್ರದ ಪ್ರಯತ್ನದ ಫಲವಾಗಿ 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮರಿಯೂ ಹುಟ್ಟಿತು. ಹೊಗೆಯಿಲ್ಲದ ವಿದ್ಯುತ್ ಬೇಕು, ಹಕ್ಕಿಯೂ ಬೇಕು. ಇವೆರಡನ್ನೂ ಹೊಂದಿಸುವ ಲೆಕ್ಕ ಇಂದಿನ ವಿದ್ಯಾರ್ಥಿಗಳ ಪಾಲಿಗೆ ಬಂದಿದೆ.

ಹೊರಡುವವರಿಗೆ ಕಿವಿಮಾತು

ತಲೆಗೆ ಐದು ಲೀಟರ್ ನೀರು, ಚಾಲಕನನ್ನೂ ಸೇರಿಸಿ. ಮೇಲೆ ಅರ್ಧದಷ್ಟು ಹೆಚ್ಚುವರಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು (ಚಮಚ ಸಮತಟ್ಟಾಗಿರಲಿ) ಬೆರೆಸಿದರೆ ಬಳಲಿಕೆಗೆ ಒಳ್ಳೆಯ ಪಾನೀಯ. ಹಿರಿಯರ ಔಷಧಿಗಳ ಬಗ್ಗೆ ವೈದ್ಯರನ್ನು ಮೊದಲೇ ಕೇಳಿರಿ. ಗಡಿಗೆ ಹತ್ತಿರದ ಪ್ರದೇಶವಾದ್ದರಿಂದ ಎಲ್ಲರ ಗುರುತಿನ ಚೀಟಿ ಇರಲಿ. ಹನ್ನೊಂದರಿಂದ ಮೂರರವರೆಗೆ ನೆರಳಿನಲ್ಲಿರಿ. ಗಾಡಿಯಲ್ಲಿ ಪಂಪು, ಸಲಿಕೆ, ಹೆಚ್ಚಿನ ಟೈರು ಇವೆಯೇ ನೋಡಿಕೊಳ್ಳಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ತಂಗಿದ ಕಡೆ ಹೇಳಿ ಹೊರಡಿ. ಹಕ್ಕಿಯ ಹತ್ತಿರ ಹೋಗುವ ಆಸೆ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಆ ನೆಲದಲ್ಲಿ ಹುಟ್ಟಿ ಬೆಳೆದವರು ಬೇಡವೆಂದ ದಾರಿಗೆ ಹೋಗಬೇಡಿ. ಈಗ ಒಂಬತ್ತನೇ ತರಗತಿಗೆ ಒತ್ತಡದ ಪಾಠ ಮಾಡುವಾಗ ಈ ಕತೆಯನ್ನು ಪೂರ್ತಿ ಹೇಳುತ್ತೇನೆ. ಮಕ್ಕಳು ನಗುತ್ತಾರೆ. ಆದರೆ ಆ ಸೂತ್ರವನ್ನು ಯಾರೂ ಮರೆಯುವುದಿಲ್ಲ.