‘ಅಸೆಸ್‌ಮೆಂಟ್’ ಎಂಬ ಮಾತಿನ ಅರ್ಥವಿಚಾರ

ಹೈದರಾಬಾದಿನ ಕನ್ನಡಿಗನ ಮನೆಗೆ ‘ಅಸೆಸ್‌ಮೆಂಟ್’ ಎಂಬ ಇಂಗ್ಲಿಷ್ ಮಾತು ಹಲವು ಬಾಗಿಲುಗಳಿಂದ ಬರುತ್ತದೆ. ಮನೆಗಂದಾಯದ ಚೀಟಿಯಲ್ಲಿ, ಮಗುವಿನ ಶಾಲೆಯ ಪ್ರಗತಿಪತ್ರದಲ್ಲಿ, ಊರಿನ ಹೊಲದಲ್ಲಿ ಬೆಳೆ ಕೆಟ್ಟಾಗ ಸಿದ್ಧವಾಗುವ ವರದಿಯಲ್ಲಿ, ಎಲ್ಲೆಡೆಯೂ ಇದೇ ಮಾತು. ಇದನ್ನು ಕನ್ನಡಿಸುವವರಲ್ಲಿ ಅನೇಕರು ಎಲ್ಲಕ್ಕೂ ‘ಮೌಲ್ಯಮಾಪನ’ ಎಂದು ಬರೆದುಬಿಡುವರು. ಇದು ಯುಕ್ತವೇ ಎಂಬುದೇ ಪ್ರಕೃತ ವಿಚಾರ.

ಈ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಮೂಲಾರ್ಥ ‘ಪಕ್ಕದಲ್ಲಿ ಕುಳಿತುಕೊಳ್ಳುವುದು’. ನ್ಯಾಯಾಧಿಪತಿಯ ಪಕ್ಕದಲ್ಲಿ ಕುಳಿತು ನೆರವಾಗುವವನು ‘ಅಸೆಸರ್’ ಎನಿಸಿಕೊಂಡನು. ಕಾಲಕ್ರಮದಲ್ಲಿ ತೆರಿಗೆಯನ್ನು ಗೊತ್ತುಪಡಿಸುವ ಅರ್ಥ ಬಂದಿತು. ಮನುಷ್ಯನ ಯೋಗ್ಯತೆಯನ್ನು ಅಳೆಯುವ ಅರ್ಥವು ರೂಢವಾದುದು 20ನೆಯ ಶತಮಾನದಲ್ಲಿ.

ಕನ್ನಡಕ್ಕೆ ಈ ವ್ಯವಹಾರ ಹೊಸದಲ್ಲ. ನಮ್ಮ ಶಾಸನಗಳಲ್ಲಿ ನಿಗದಿಯಾದ ಭೂಕಂದಾಯಕ್ಕೆ ‘ಸಿದ್ಧಾಯ’ ಎಂಬ ಹೆಸರಿದೆ. 1645ರಿಂದ 1660ರ ವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ಕಂದಾಯವ್ಯವಸ್ಥೆಯು ‘ಶಿಸ್ತು’ ಎಂದೇ ಪ್ರಸಿದ್ಧ. ಪರಂಪರೆಯ ವೃತ್ತಾಂತದಂತೆ, ಅವನು ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಬಗೆಬಗೆಯ ಹೊಲಗಳನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿಯೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಫಸಲೆಷ್ಟು, ಬೆಲೆಯೆಷ್ಟು ಎಂದು ಬರೆಯಿಸಿ, ಸರಾಸರಿ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದನು. ಹೊಲದ ಪಕ್ಕದಲ್ಲಿ ಕುಳಿತು ಮಾಡಿದ ನಿರ್ಣಯವೆಂದರೆ ಇದೇ. ಆ ‘ಶಿಸ್ತು’ ಇಂದು ನಮ್ಮ ಆಡುಮಾತಿನಲ್ಲಿ ನಡತೆಯ ಕಟ್ಟುಪಾಡನ್ನು ಹೇಳುವ ಪದವಾಗಿದೆ.

ಇತ್ತ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ಬಳಿಕ 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದವು. ನಿಜಾಮರ ಕಾಲದಲ್ಲಿ ಅಲ್ಲಿಯ ಕಚೇರಿಗಳ ಭಾಷೆ ಉರ್ದುವಾಗಿತ್ತು. ಕಂದಾಯ ಗೊತ್ತುಮಾಡುವುದಕ್ಕೆ ಮೊಗಲರ ಕಾಲದ ಫಾರಸಿ ಲೆಕ್ಕಪತ್ರಗಳಲ್ಲಿ ‘ತಷ್ಖೀಸ್’ ಎಂಬ ಮಾತಿದೆ. ಉರ್ದುವಿನಲ್ಲಿ ವೈದ್ಯನು ರೋಗವನ್ನು ಗುರುತಿಸುವುದೂ ‘ತಷ್ಖೀಸ್’ ಎಂದೇ. ವ್ಯಕ್ತಿ ಎಂಬ ಅರ್ಥದ ‘ಶಖ್ಸ್’ ಇದರ ಬಂಧುಪದ. ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ, ಇಂಥದೇ ಎಂದು ನಿರ್ದೇಶಿಸುವುದು ಇದರ ತಾತ್ಪರ್ಯ. ತೆಲುಗಿನಲ್ಲಿ ತೆರಿಗೆಗೆ ಸಲ್ಲುವ ಮಾತು ‘ಮದಿಂಪು’.

ಹೀಗಿರಲು ಕನ್ನಡದಲ್ಲಿ ಒಂದೇ ಪದಕ್ಕೆ ಎಲ್ಲ ಭಾರವನ್ನೂ ಹೊರಿಸಬೇಕಾಗಿಲ್ಲ. ಉತ್ತರಪತ್ರಿಕೆಗೆ ‘ಮೌಲ್ಯಮಾಪನ’ ಸಲ್ಲುತ್ತದೆ. ಅದು ರೂಢಿಯೂ ಆಗಿದೆ. ಆದರೆ ‘ಮಗುವಿನ ಮೌಲ್ಯಮಾಪನ’ ಎಂದರೆ ಮಗುವಿಗೇ ಬೆಲೆ ಕಟ್ಟಿದಂತಾಗುವುದು. ‘ಮಗುವಿನ ಕಲಿಕೆಯ ಪರಿಶೀಲನೆ’ ಎನ್ನುವುದು ಲೇಸು. ರೋಗಿಯ ವಿಷಯದಲ್ಲಿ ‘ತಪಾಸಣೆ’ ಎಂಬುದು ಎಲ್ಲರಿಗೂ ತಿಳಿದ ಮಾತು. ಪೂರ್ಣ ಫಸಲನ್ನು 16 ಆಣೆಯೆಂದಿಟ್ಟುಕೊಂಡು ಬೆಳೆಯನ್ನು ಎಣಿಸುವ ‘ಆಣೆವಾರಿ’ಯೂ, ನಷ್ಟದ ‘ಅಂದಾಜೂ’ ರೈತನಿಗೆ ಪರಿಚಿತ. ತೆರಿಗೆಗೆ ‘ನಿರ್ಧರಣೆ’ಯೇ ತಕ್ಕುದು.

ಇದು ಕೇವಲ ಪದಗಳ ಚಮತ್ಕಾರವಲ್ಲ. ಅಂದಾಜೆಂದರೆ ಇನ್ನೂ ತಿದ್ದಬಹುದಾದ ಲೆಕ್ಕ. ನಿರ್ಧರಣೆಯೆಂದರೆ ಅಧಿಕಾರಿಯು ಕೊಟ್ಟ ತೀರ್ಮಾನ, ಅದನ್ನು ಒಪ್ಪದವನು ಅವಧಿಯೊಳಗೆ ಮೇಲ್ಮನವಿ ಮಾಡಿಕೊಳ್ಳಬೇಕು. ಬಂದ ಕಾಗದದಲ್ಲಿ ಎರಡಕ್ಕೂ ‘ಮೌಲ್ಯಮಾಪನ’ವೆಂದೇ ಇದ್ದರೆ, ತಾನು ಕಾಯಬೇಕೋ ಕೂಡಲೆ ತಕರಾರು ಹೂಡಬೇಕೋ ಎಂಬುದು ಓದಿದವನಿಗೆ ತಿಳಿಯದು. ತಿಳಿಯುವಷ್ಟರಲ್ಲಿ ಅವಧಿ ಮುಗಿದಿದ್ದರೆ ನಷ್ಟ ಅವನದು, ಅನುವಾದಕನದಲ್ಲ.

ಆದುದರಿಂದ ಈ ಮಾತನ್ನು ಕನ್ನಡಿಸುವವರು ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಳೆಯುವವರು ಯಾರು? ಅಳೆಯುವುದು ಏನನ್ನು? ಆ ಅಳತೆ ಯಾರನ್ನು ಕಟ್ಟಿಹಾಕುತ್ತದೆ? ಉತ್ತರ ದೊರೆತರೆ ತಕ್ಕ ಪದ ಕನ್ನಡದಲ್ಲಿಯೇ ಸಿಕ್ಕುತ್ತದೆ. ಮೂರು ನಾಲ್ಕು ಭಾಷೆಗಳ ನಡುವೆ ದಿನಗಳೆಯುವ ಈ ನಗರದ ಕನ್ನಡಿಗರಿಗೆ ಇಂತಹ ವಿವೇಚನೆ ಕಷ್ಟವಾಗಲಾರದು.