ಹಳೇ ಡಾಂಬರಿನ ಎರಡನೇ ಪಾಳಿ

ಯಶವಂತಪುರದ ಹಳೆಯ ಅಡ್ಡರಸ್ತೆಗಳಲ್ಲಿ ಸುಮ್ಮನೆ ಒಂದು ಸುತ್ತು ನಡೆದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕೆಲವು ಮನೆಗಳ ಗೇಟು ಪೂರ್ತಿ ತೆರೆಯುವುದಿಲ್ಲ. ತಳ ರಸ್ತೆಗೆ ಉಜ್ಜಿ ಅರ್ಧಕ್ಕೇ ನಿಲ್ಲುತ್ತದೆ. ಮನೆ ಕಟ್ಟಿದ ಕಾಲಕ್ಕೆ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದವರು ಈಗ ಒಂದು ಮೆಟ್ಟಿಲು ಇಳಿದು ಹೋಗುತ್ತಾರೆ. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ.

ಲೆಕ್ಕ ಸರಳ. ಮೇಲ್ಪದರವಾಗಿ ಹಾಕುವ ಡಾಂಬರು ಸಾಮಾನ್ಯವಾಗಿ 25ರಿಂದ 50 ಮಿಲಿಮೀಟರ್ ದಪ್ಪ. 40 ಮಿ.ಮೀ. ಎಂದೇ ಹಿಡಿದರೂ, ನಾಲ್ಕು ಸಲ ಹಳೆಯದರ ಮೇಲೆ ಹೊಸದನ್ನು ಬಳಿದರೆ 16 ಸೆಂಟಿಮೀಟರ್. ಅಂದರೆ ಒಂದು ಮೆಟ್ಟಿಲು ಮಾಯ. ಫುಟ್‌ಪಾತಿನ ಅಂಚುಗಲ್ಲು ಮುಚ್ಚಿಹೋಗುತ್ತದೆ, ಮ್ಯಾನ್‌ಹೋಲ್ ಮುಚ್ಚಳ ಗುಂಡಿಯೊಳಗೆ ಸೇರಿಕೊಳ್ಳುತ್ತದೆ, ಮೋರಿಗೆ ಹೋಗಬೇಕಾದ ಮಳೆನೀರು ವರಾಂಡಕ್ಕೆ ಬರುತ್ತದೆ. ಎಲೆಕ್ಷನ್ ಹತ್ತಿರ ಬಂದಾಗ ರಾತ್ರೋರಾತ್ರಿ ಡಾಂಬರು ಬಿದ್ದರೆ ಜನ ಖುಷಿಪಡುವುದು ಮೊದಲ ಮಳೆಯವರೆಗೆ ಮಾತ್ರ.

ಇದಕ್ಕೆ ಪರಿಹಾರ ಹೊಸ ಡಾಂಬರಿನಲ್ಲಿಲ್ಲ, ಹಳೆಯದನ್ನು ತೆಗೆಯುವುದರಲ್ಲಿದೆ. ಕಂತ್ರಾಟುದಾರರ ಬಾಯಲ್ಲಿ ಅದಕ್ಕೆ ‘ಮಿಲ್ಲಿಂಗ್’ ಎಂದು ಹೆಸರು. ಆದರೆ ಕೆಲಸವನ್ನು ಕಣ್ಣಾರೆ ನೋಡಿದವರಿಗೆ ಹೊಳೆಯುವ ಕನ್ನಡ ಮಾತು ಬೇರೆ: ರಸ್ತೆಯನ್ನು ತುರಿಯುವುದು.

ತುರಿಯುವ ಯಂತ್ರದ ಹೊಟ್ಟೆಯ ಅಡಿಯಲ್ಲಿ ಒಂದು ಉರುಳೆ ಇರುತ್ತದೆ. ಮುಖ್ಯರಸ್ತೆಗೆ ಬರುವ ದೊಡ್ಡ ಯಂತ್ರದಲ್ಲಿ ಅದು ಎರಡು ಮೀಟರ್ ಅಗಲ. ಮೈತುಂಬ ನೂರೈವತ್ತಕ್ಕೂ ಹೆಚ್ಚು ಹಲ್ಲುಗಳು. ಒಂದು ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಥೇಟ್ ಬುಗುರಿ. ಉಕ್ಕಿನ ಮೈ, ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಮೊನೆ. ಬುಗುರಿಯಂತೆಯೇ ಅದು ತನ್ನ ಗೂಡಿನಲ್ಲಿ ತಿರುಗಬಲ್ಲದು. ರಸ್ತೆಗೆ ಬಡಿದಾಗಲೆಲ್ಲ ಒಂದಿಷ್ಟು ಹೊರಳುವುದರಿಂದ ಸುತ್ತಲೂ ಸಮನಾಗಿ ಸವೆದು ಮೊನೆ ಮೊಂಡಾಗದೆ ಉಳಿಯುತ್ತದೆ. ಹಲ್ಲುಗಳನ್ನು ಉರುಳೆಯ ಮೇಲೆ ತಿರುಪಿನ ಸುತ್ತಿನಂತೆ ಜೋಡಿಸಿರುವುದರಿಂದ ಕಿತ್ತ ಪುಡಿ ಎರಡೂ ಅಂಚಿನಿಂದ ನಡುವಿಗೆ ಸರಿಯುತ್ತದೆ. ಅಲ್ಲಿಂದ ಅದನ್ನು ರಬ್ಬರ್ ಪಟ್ಟಿಯೊಂದು ಎತ್ತಿ ಮುಂದೆ ತೆವಳುತ್ತಿರುವ ಟಿಪ್ಪರ್‌ಗೆ ಸುರಿಯುತ್ತದೆ. ಉರುಳೆ ತಿರುಗುವುದು ಯಂತ್ರದ ಚಕ್ರಕ್ಕೆ ಎದುರು ದಿಕ್ಕಿನಲ್ಲಿ, ಕೆಳಗಿನಿಂದ ಮೇಲಕ್ಕೆ ಅಗೆಯುವಂತೆ. ಹಲ್ಲು ಕಾಯದಿರಲೆಂದು, ದೂಳು ಏಳದಿರಲೆಂದು ನೀರು ಚಿಮುಕುತ್ತಲೇ ಇರಬೇಕು. ಎರಡೂ ಪಕ್ಕದ ಸೆನ್ಸರ್‌ಗಳು ಆಳವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕಾಯುತ್ತವೆ.

ರಾತ್ರಿ ತುರಿದ ರಸ್ತೆಯ ಮೇಲೆ ಬೆಳಗ್ಗೆ ಬಾಚಣಿಗೆ ಎಳೆದಂತೆ ಉದ್ದುದ್ದ ಗೀರುಗಳಿರುತ್ತವೆ. ಸ್ಕೂಟರಿನ ಮುಂದಿನ ಚಕ್ರ ಆ ಗೀರಿಗೆ ಸಿಕ್ಕಿ ಅಲ್ಲಾಡುವಾಗ ಸವಾರರು ಬಯ್ಯುವುದು ಸಹಜವೇ. ಹೊಸ ಪದರಕ್ಕೆ ಮಾತ್ರ ಆ ಗೀರೇ ಹಿಡಿತ. ನುಣುಪು ನೆಲಕ್ಕಿಂತ ಒರಟು ನೆಲಕ್ಕೆ ಅಂಟು ಚೆನ್ನಾಗಿ ಕಚ್ಚುತ್ತದೆ.

ಇನ್ನು ಟಿಪ್ಪರ್‌ಗೆ ಬಿದ್ದ ಸರಕಿನ ಮಾತು. ಒಂದು ಕಿಲೋಮೀಟರ್ ಉದ್ದ, ಏಳು ಮೀಟರ್ ಅಗಲದ ರಸ್ತೆಯನ್ನು 40 ಮಿ.ಮೀ. ತುರಿದರೆ 280 ಘನ ಮೀಟರ್, ತೂಕದಲ್ಲಿ ಸುಮಾರು 670 ಟನ್. ಟಿಪ್ಪರ್‌ಗೆ 16 ಟನ್‌ನಂತೆ ನಲವತ್ತೆರಡು ಲೋಡು. ಅದರಲ್ಲಿ ನೂರಕ್ಕೆ 95 ಪಾಲು ಕಲ್ಲು, ಐದು ಪಾಲು ಅಂಟು. ಬೆಂಗಳೂರಿನ ಸುತ್ತಲಿನ ಕ್ರಷರ್‌ಗಳಿಂದ ಬರುವ ಜಲ್ಲಿ ಬಹುಮಟ್ಟಿಗೆ ಲಾಲ್‌ಬಾಗಿನ ಬಂಡೆಯ ಬಳಗದ್ದು. ಭೂವಿಜ್ಞಾನಿಗಳು ಪೆನಿನ್ಸುಲಾರ್ ನೈಸ್ ಎಂದು ಕರೆಯುವ, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಅಷ್ಟು ಕಾಲ ನಿಂತದ್ದು ಹತ್ತು ವರ್ಷ ಬಸ್ಸು ಲಾರಿ ಓಡಿದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಆಗುವುದಿಲ್ಲ. ಕೆಟ್ಟಿರುವುದು ಅಂಟು.

ಅಂಟಿನ ಹೆಸರಿನಲ್ಲೇ ಒಂದು ಗೊಂದಲವಿದೆ. ನಾವು ಡಾಂಬರು ಎನ್ನುವ ಮಾತು ಮೂಲತಃ ಕಲ್ಲಿದ್ದಲಿನಿಂದ ಇಳಿಸಿದ ಟಾರಿಗೆ ಸಲ್ಲುವಂಥದ್ದು. ಇವತ್ತು ರಸ್ತೆಗೆ ಹಾಕುವುದು ಕಚ್ಚಾ ತೈಲ ಶುದ್ಧೀಕರಣದ ಕೊನೆಗೆ ತಳದಲ್ಲಿ ಉಳಿಯುವ ಬಿಟುಮೆನ್. ಇದು ಬರೀ ಮಾತಿನ ತಗಾದೆಯಲ್ಲ. ಕಲ್ಲಿದ್ದಲಿನ ಟಾರಿನಲ್ಲಿ ಕ್ಯಾನ್ಸರ್ ತರುವ ರಾಸಾಯನಿಕಗಳು ಹೇರಳ. ಯುರೋಪಿನಲ್ಲಿ ಟಾರು ಇರುವ ಹಳೇ ರಸ್ತೆಯನ್ನು ತುರಿದರೆ ಅದನ್ನು ಮತ್ತೆ ಬಿಸಿ ಮಾಡದೆ ಪ್ರತ್ಯೇಕವಾಗಿ ಸಾಗಿಸಬೇಕಾಗುತ್ತದೆ. ಬಿಟುಮೆನ್‌ನಲ್ಲಿ ಆ ತಾಪತ್ರಯ ತೀರಾ ಕಡಿಮೆ.

ಬಿಟುಮೆನ್ ಮುಪ್ಪಾಗುವ ಬಗೆ ಮೈಸೂರು ಪಾಕಿನಂತೆ. ಒಲೆಯಿಂದ ಇಳಿಸಿದ ದಿನ ತುಪ್ಪದಲ್ಲಿ ಮೆತ್ತಗಿದ್ದದ್ದು ವಾರ ಕಳೆದರೆ ಹಲ್ಲಿಗೆ ಸವಾಲು. ಬಿಟುಮೆನ್‌ನೊಳಗೆ ಆಸ್ಫಾಲ್ಟೀನ್ ಎಂಬ ಭಾರದ ಅಣುಗಳು ಎಣ್ಣೆಯಂಥ ಹಗುರ ಅಂಶದಲ್ಲಿ ತೇಲಿಕೊಂಡಿರುತ್ತವೆ. ಗಾಳಿಯ ಆಮ್ಲಜನಕ ಸೇರುತ್ತಾ ಸೇರುತ್ತಾ ಎಣ್ಣೆಯಂಶದ ಅಣುಗಳೇ ಭಾರದವಾಗಿ ಬದಲಾಗುತ್ತವೆ, ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮೈಸೂರು ಪಾಕಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಅದು ಒಣಗುವುದರಿಂದ ಗಟ್ಟಿ, ಇದು ಮುಖ್ಯವಾಗಿ ಆಮ್ಲಜನಕದಿಂದ ಗಟ್ಟಿ. ಮುಪ್ಪಿನ ದೊಡ್ಡ ಪಾಲು ಮೊದಲ ಗಂಟೆಯಲ್ಲೇ ಆಗಿಹೋಗಿರುತ್ತದೆ ಎನ್ನುವುದು ಸ್ವಾರಸ್ಯ. ಜಲ್ಲಿಗೆ ಬಿಟುಮೆನ್ ಬೆರೆಸುವ ಹಾಟ್‌ಮಿಕ್ಸ್ ಪ್ಲಾಂಟಿನಲ್ಲಿ 150 ಡಿಗ್ರಿಗಿಂತ ಬಿಸಿಯಾಗಿ, ಕಲ್ಲಿನ ಮೈಮೇಲೆ ತೆಳ್ಳಗೆ ಹರಡಿಕೊಂಡಾಗ ಗಾಳಿ ಎಲ್ಲ ಕಡೆಯಿಂದ ಮುತ್ತುತ್ತದೆ.

ಮುಪ್ಪನ್ನು ಅಳೆಯಲು ಒಂದು ಸೂಜಿ ಸಾಕು. 25 ಡಿಗ್ರಿಯಲ್ಲಿಟ್ಟ ಬಿಟುಮೆನ್ ಮೇಲೆ 100 ಗ್ರಾಂ ಭಾರದ ಸೂಜಿಯನ್ನು ಐದು ಸೆಕೆಂಡು ಬಿಡುತ್ತಾರೆ. ಎಷ್ಟು ಇಳಿಯಿತು ಎಂದು ಮಿಲಿಮೀಟರಿನ ಹತ್ತನೇ ಭಾಗದಲ್ಲಿ ಓದುತ್ತಾರೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯಲ್ಲಿ ಅದು ಕನಿಷ್ಠ 45, ಅಂದರೆ ನಾಲ್ಕೂವರೆ ಮಿ.ಮೀ., ಇಳಿಯಬೇಕು. ಹಳೇ ರಸ್ತೆಯಿಂದ ಬೇರ್ಪಡಿಸಿದ ಬಿಟುಮೆನ್‌ನಲ್ಲಿ ಒಂದೆರಡು ಮಿ.ಮೀ. ಇಳಿದರೆ ಹೆಚ್ಚು.

ಆದರೆ ಗಟ್ಟಿಯಾದದ್ದು ಸತ್ತಿಲ್ಲ. ಹೊಸ ಮೆತ್ತನೆಯ ಬಿಟುಮೆನ್ ಬೆರೆಸಿಯೋ, ಎಣ್ಣೆಯಂಶ ತುಂಬಿಕೊಡುವ ದ್ರವ ಹಾಕಿಯೋ ಅದನ್ನು ಮತ್ತೆ ಹದಕ್ಕೆ ತರಬಹುದು. ಬೋಂಡಾ ಕರಿದು ಉಳಿದ ಎಣ್ಣೆಯಿಂದ ಹಿಡಿದು, ಕರಾವಳಿಯ ಗೇರು ಕಾರ್ಖಾನೆಗಳಿಗೆ ಪರಿಚಿತವಾದ ಗೇರುಸಿಪ್ಪೆಯ ಎಣ್ಣೆಯವರೆಗೆ ಹಲವನ್ನು ಸಂಶೋಧಕರು ಇದಕ್ಕಾಗಿ ಪರೀಕ್ಷಿಸಿದ್ದಾರೆ. ಮೇಲಿನ ಲೆಕ್ಕದ 670 ಟನ್ ಪುಡಿಯಲ್ಲಿ ಸುಮಾರು 33 ಟನ್ ಬಿಟುಮೆನ್ ಇದೆ. ಬಿಟುಮೆನ್‌ನ ದೊಡ್ಡ ಪಾಲನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಅದನ್ನು ಹಳ್ಳಕ್ಕೆ ಸುರಿಯುವುದು ದುಬಾರಿ ದೌಲತ್ತು.

ಅಮೆರಿಕ ಈ ಪಾಠ ಕಲಿತದ್ದು 1973ರ ತೈಲ ಬಿಕ್ಕಟ್ಟಿನಲ್ಲಿ. ಬೆಲೆ ಏರಿದ್ದೇ ತಡ, ತುರಿಯುವ ಯಂತ್ರಗಳು, ಹಳೇ ಪುಡಿಯನ್ನು ನುಂಗುವ ಪ್ಲಾಂಟುಗಳು ಹುಟ್ಟಿಕೊಂಡವು. ಈಗ ಅಲ್ಲಿನ ಹೊಸ ಮಿಶ್ರಣದಲ್ಲಿ ಸರಾಸರಿ ಐದನೇ ಒಂದು ಪಾಲು ಹಳೆಯದು. ಜಪಾನಿನಲ್ಲಿ ಅರ್ಧದ ಹತ್ತಿರ. ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆಂದೇ ಐಆರ್‌ಸಿ:120 ಎಂಬ ಮಾರ್ಗಸೂಚಿ ತಂದದ್ದು 2015ರಲ್ಲಿ.

ಹಾಗಾದರೆ ಎಲ್ಲವನ್ನೂ ಹಳೆಯದರಿಂದಲೇ ಮಾಡಬಾರದೇಕೆ? ಅಡ್ಡಿ ಬರುವುದು ಬೆಂಕಿ. ಹಳೇ ಪುಡಿಯನ್ನು ಪ್ಲಾಂಟಿನ ಉರಿಗೆ ನೇರ ಒಡ್ಡಿದರೆ ಅದರೊಳಗಿನ ಬಿಟುಮೆನ್ ಸುಟ್ಟು ನೀಲಿ ಹೊಗೆ ಏಳುತ್ತದೆ. ಅದಕ್ಕೇ ಹೊಸ ಜಲ್ಲಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿ, ಆ ಕಾವಿನಲ್ಲಿ ಹಳೆಯದನ್ನು ಕರಗಿಸಬೇಕು. ಹಳೆಯದು ಹೆಚ್ಚಿದಷ್ಟೂ ಹೊಸ ಜಲ್ಲಿ ಇನ್ನಷ್ಟು ಕಾಯಬೇಕು. ಸಾಮಾನ್ಯ ಪ್ಲಾಂಟಿನಲ್ಲಿ ನೂರಕ್ಕೆ ಹದಿನೈದು–ಇಪ್ಪತ್ತು ಪಾಲು ದಾಟುವುದು ಕಷ್ಟ. ರಾಶಿಗೆ ಮಳೆ ಬಿದ್ದಿದ್ದರೆ ಕಾವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು, ಹಾಗಾಗಿ ರಾಶಿಯ ಮೇಲೊಂದು ತಗಡಿನ ಚಾವಣಿ ಬೇಕೇ ಬೇಕು. ಚೆನ್ನಾಗಿ ಕರಗದೆ ಉಳಿದ ಪುಡಿ ಮಿಶ್ರಣದಲ್ಲಿ ಬರೀ ಕಪ್ಪು ಕಲ್ಲಿನಂತೆ ಕೂತಿರುತ್ತದೆ, ಅಂಟಾಗಿ ದುಡಿಯುವುದಿಲ್ಲ. ಬೆಂಕಿಯ ಗೊಡವೆಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಕಾದ ಬಿಟುಮೆನ್‌ಗೆ ನೂರಕ್ಕೆ ಎರಡು ಮೂರು ಪಾಲು ತಣ್ಣೀರು ಚಿಮ್ಮಿಸಿದರೆ ಅದು ಹಾಲು ಉಕ್ಕಿದಂತೆ ಹತ್ತಾರು ಪಟ್ಟು ನೊರೆಯಾಗುತ್ತದೆ. ಆ ನೊರೆಯನ್ನು ತಣ್ಣಗಿನ ಪುಡಿಗೇ ಬೆರೆಸಿ ಕೆಳಪದರಕ್ಕೆ ಹಾಕಬಹುದು. ನೊರೆಯ ಉಪಾಯವನ್ನು ಅಮೆರಿಕದ ಅಯೋವಾದಲ್ಲಿ ಲಾಡಿಸ್ ಚಾನ್ಯಿ 1956ರಲ್ಲಿ ಕಂಡುಹಿಡಿದದ್ದು ಹಬೆ ಬಳಸಿ, ಹಬೆಯ ಬದಲು ತಣ್ಣೀರು ಬಂದದ್ದು ಆಮೇಲೆ.

ಬೆಂಗಳೂರಿನ ಸಮಸ್ಯೆಗೆ ಇನ್ನೊಂದು ಮಗ್ಗುಲೂ ಇದೆ. ಇಲ್ಲಿನ ರಸ್ತೆ ಒಂದೇ ಸಮನಾದ ವಸ್ತುವಲ್ಲ. ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಕೇಬಲ್ಲಿಗೆ ಹತ್ತು ಸಲ ಅಗೆದು ಮಣ್ಣು, ಕಾಂಕ್ರೀಟು, ಕೈಗೆ ಸಿಕ್ಕ ಡೆಬ್ರಿಸ್ ತುಂಬಿದ ತೇಪೆಗಳ ಕೌದಿ ಅದು. ತುರಿದಾಗ ಅದೆಲ್ಲ ಒಂದೇ ಟಿಪ್ಪರ್‌ಗೆ ಬೀಳುತ್ತದೆ. ಮಣ್ಣು ಸೇರಿದ ಪುಡಿಯನ್ನು ಯಾವ ಪ್ಲಾಂಟೂ ಮುಟ್ಟುವುದಿಲ್ಲ. ಖಾಲಿ ಸೈಟು, ಗ್ಯಾರೇಜಿನ ಅಂಗಳ ತುಂಬಲು ಹೋಗುತ್ತದೆ. ಪ್ಲಾಸ್ಟಿಕ್ ರಸ್ತೆಗಳ ಲೆಕ್ಕ ಬೇರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೋ ಮತ್ತು ಎ. ವೀರರಾಘವನ್ ಅವರು 2002ರ ಸುಮಾರಿಗೆ ಪರೀಕ್ಷಿಸಿದ ನಂತರ, ಬಿಟುಮೆನ್ ತೂಕದ ನೂರಕ್ಕೆ 8ರಷ್ಟು ಪ್ಲಾಸ್ಟಿಕ್ ಬೆರೆಸಿದ ರಸ್ತೆಗಳು ಈ ಊರಿನಲ್ಲಿ ಬಂದವು. ಅವನ್ನು ತುರಿಯುವಾಗ ಏಳುವ ದೂಳು, ಮತ್ತೆ ಕಾಯಿಸುವಾಗ ಬರುವ ಹೊಗೆ ಎರಡರ ಮೇಲೂ ಕಣ್ಣಿಡುವುದು ವಿವೇಕ.

ತುರಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಈರುಳ್ಳಿ ಹೊತ್ತು ಬರುವ ಲಾರಿಯನ್ನೇ ನೋಡಿ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪ್ರಯೋಗದಿಂದ ಹೊರಬಂದ ಸೂತ್ರದಂತೆ, ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಏರುತ್ತದೆ. ಕಾರಿನ ಅಚ್ಚಿಗೆ ಅರ್ಧ ಟನ್, ಲಾರಿಯ ಅಚ್ಚಿಗೆ ಹತ್ತು ಟನ್ ಎಂದಿಟ್ಟುಕೊಂಡರೆ ಭಾರ ಇಪ್ಪತ್ತು ಪಟ್ಟು, ಹಾನಿ 1,60,000 ಪಟ್ಟು. ಆ ಏಟು ತಳದಿಂದ ಮೇಲಕ್ಕೆ ಬಿರುಕು ಎಬ್ಬಿಸುತ್ತದೆ, ರಸ್ತೆ ಮೊಸಳೆಯ ಚರ್ಮದಂತೆ ಒಡೆಯುತ್ತದೆ. ಅಂಥ ಕಡೆ 40 ಮಿ.ಮೀ. ತುರಿದು ಮತ್ತೆ ಹಾಕುವುದು ಹುಣ್ಣಿನ ಮೇಲೆ ಪೌಡರ್ ಬಳಿದ ಹಾಗೆ. ಕೆಳಗಿನ ಬಿರುಕು ಹೊಸ ಪದರದಲ್ಲಿ ಅದೇ ಜಾಗಕ್ಕೆ ಮತ್ತೆ ಎದ್ದುಬರುತ್ತದೆ.

ತುರಿಯದೆ ಗತ್ಯಂತರವಿಲ್ಲದ ಜಾಗವೆಂದರೆ ಮೇಲ್ಸೇತುವೆ. 40 ಮಿ.ಮೀ. ಪದರ ಚದರ ಮೀಟರಿಗೆ 96 ಕಿಲೋ ತೂಗುತ್ತದೆ. ಏಳೂವರೆ ಮೀಟರ್ ಅಗಲ, ಮೂವತ್ತು ಮೀಟರ್ ಉದ್ದದ ಒಂದು ಅಂಕಣದ ಮೇಲೆ ಅದು 21 ಟನ್ ಮೀರುತ್ತದೆ. ಲೋಡಾದ ಲಾರಿಯೊಂದನ್ನು ಕೀಲಿ ಹಾಕಿ ಅಲ್ಲೇ ಬಿಟ್ಟುಹೋದಂತೆ. ಯಶವಂತಪುರ ದಾಟಿ ಗೊರಗುಂಟೆಪಾಳ್ಯದ ಆಚೆ ಸಿಗುವ ಪೀಣ್ಯ ಮೇಲ್ಸೇತುವೆಯನ್ನು 2021ರ ಡಿಸೆಂಬರ್ 25ರಂದು ಮುಚ್ಚಿದ್ದು ಒಳಗಿನ ಉಕ್ಕಿನ ಕೇಬಲ್‌ಗಳ ದೋಷದಿಂದ. ಅದಕ್ಕೂ ಡಾಂಬರಿಗೂ ಸಂಬಂಧವಿಲ್ಲ. ಆದರೂ ಭಾರಿ ವಾಹನಗಳಿಗೆ ಅದು ಮತ್ತೆ ತೆರೆಯಲು 2024 ಬರಬೇಕಾಯಿತು ಎನ್ನುವುದನ್ನು ನೆನೆದರೆ, ಸೇತುವೆಯ ಲೆಕ್ಕಪುಸ್ತಕದಲ್ಲಿ ಒಂದೊಂದು ಟನ್ನಿಗೂ ಇರುವ ಬೆಲೆ ತಿಳಿಯುತ್ತದೆ. ಮೈಸೂರು ರಸ್ತೆಯಲ್ಲಿ 1999ರಲ್ಲಿ ಕಟ್ಟಿದ ಸಿರ್ಸಿ ವೃತ್ತದ ಮೇಲ್ಸೇತುವೆಯನ್ನು ಮರುಡಾಂಬರೀಕರಣಕ್ಕಾಗಿ ಒಂದೊಂದೇ ಬದಿ ಮುಚ್ಚಿದಾಗ ವಾರಗಟ್ಟಲೆ ಹಿಡಿಯಿತು. ಹೊಸದನ್ನು ಹಾಸುವ ಮುನ್ನ ಹಳೆಯದನ್ನು ಕೀಳಬೇಕಾಗಿತ್ತು.

ನೆಲದ ಮೇಲಿನ ರಸ್ತೆಗೂ ಇದನ್ನೇ ಕಡ್ಡಾಯ ಮಾಡಬಹುದು. ತಮಿಳುನಾಡಿನಲ್ಲಿ 2021ರಲ್ಲಿ ಮುಖ್ಯ ಕಾರ್ಯದರ್ಶಿಯೇ ಸೂಚನೆ ಹೊರಡಿಸಿ, ಹಳೆಯ ಪದರ ತುರಿಯದೆ ಹೊಸದು ಹಾಕಬಾರದು, ರಸ್ತೆಯ ಮಟ್ಟ ಏರಬಾರದು ಎಂದಿದ್ದರು. ಕಾರಣ ಅಲ್ಲೂ ಅದೇ, ಮನೆಯೊಳಗೆ ನುಗ್ಗುವ ಮಳೆನೀರು.

ತುರಿದ ಮೇಲಿನ ಕೆಲಸದಲ್ಲಿ ಅವಸರಕ್ಕೆ ಬಲಿಯಾಗುವುದು ಒಂದು ಅರ್ಧ ಗಂಟೆ. ಗೀರುಗಳ ನಡುವಿನ ದೂಳನ್ನು ಗಾಳಿ ಹೊಡೆದು ತೆಗೆದ ಮೇಲೆ ಬಿಟುಮೆನ್ ಎಮಲ್ಷನ್ ಸಿಂಪಡಿಸುತ್ತಾರೆ. ನೀರಿನಲ್ಲಿ ಬಿಟುಮೆನ್‌ನ ಸಣ್ಣ ಹನಿಗಳು ತೇಲುತ್ತಿರುವ ದ್ರವ ಅದು. ಬಿದ್ದ ಕ್ಷಣ ಬಣ್ಣ ಬೆಲ್ಲದ ಕಾಫಿಯಂತೆ ಕಂದು. ನೀರು ಬಿಟ್ಟುಹೋಗುತ್ತಿದ್ದಂತೆ ಹನಿಗಳು ಕೂಡಿಕೊಂಡು ಕಪ್ಪಾಗುತ್ತದೆ. ಕಂದು ಇರುವಾಗಲೇ ಬಿಸಿ ಮಿಶ್ರಣ ಸುರಿದರೆ ನೀರು ಅಡಿಯಲ್ಲಿ ಸಿಕ್ಕಿಬೀಳುತ್ತದೆ. ಟಿಪ್ಪರ್ ಮೇಲೆ ಹಾದರೆ ಅಂಟೆಲ್ಲ ಟೈರಿಗೆ. ಬೆಳಗಿನ ನಾಲ್ಕು ಗಂಟೆಗೆ, ಅತ್ತ ಯಾರ್ಡಿನ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ, ಇತ್ತ ಮಿಶ್ರಣ ಹಾಸುವ ಪೇವರ್ ಯಂತ್ರದ ಮೇಲೆ ಕೂತವನು ಬಣ್ಣ ತಿರುಗುವುದನ್ನೇ ಕಾಯುತ್ತಿರಬೇಕು.